ದಣಿದಾಗ ಕೊಟ್ಟ ತೀರ್ಪು

ಓದುಗರೊಬ್ಬರ ಪತ್ರದಿಂದ: “ಮನೆ, ಕಚೇರಿ ಎರಡನ್ನೂ ನಿಭಾಯಿಸುತ್ತೇನೆ. ಹಗಲಿನಲ್ಲಿ ಹತ್ತು ನಿಮಿಷ ಅಡ್ಡಾಗಿದ್ದಾಗ ಬಾಗಿಲ ಸದ್ದಾದರೆ ಸಾಕು, ಎದ್ದು ಬಟ್ಟೆ ಮಡಚತೊಡಗುತ್ತೇನೆ. ಈಚೆಗೆ ಎಲ್ಲರ ಮೇಲೂ ಸಿಡುಕು. ಯಾವ ಕೆಲಸಕ್ಕೂ ಬಾರದವಳು ಎನ್ನಿಸುತ್ತದೆ. ವಿಶ್ರಾಂತಿ ಕೇಳುವಷ್ಟು ನಾನೇನು ಮಾಡಿದ್ದೇನೆ? ನಿಮ್ಮ ಅಮೂಲ್ಯ ಸಮಯ ಹಾಳು ಮಾಡಿದ್ದಕ್ಕೆ ಕ್ಷಮಿಸಿ.”

ಪ್ರಿಯ ಸಹೋದರಿ,

ಕೊನೆಯ ಸಾಲಿನಿಂದಲೇ ಶುರುಮಾಡುತ್ತೇನೆ. ನನ್ನ ಸಮಯವನ್ನು ‘ಅಮೂಲ್ಯ’ ಎಂದಿದ್ದೀರಿ. ನಾಲ್ಕು ಪುಟಗಳನ್ನು ಎರಡು ಸಲ ಓದಿದೆ; ನಿಮ್ಮ ಸಮಯಕ್ಕೆ ಅಂಥ ಒಂದು ವಿಶೇಷಣವೂ ಸಿಕ್ಕಲಿಲ್ಲ. ಎಲ್ಲರೂ ಮಲಗಿದ ಮೇಲೆ, ರಾತ್ರಿ ಹನ್ನೆರಡಕ್ಕೆ ಬರೆಯಲು ಕೂತೆ ಎಂದು ಮಾತ್ರ ಇದೆ.

ಸಿಡುಕು ಮತ್ತು ‘ಕೆಲಸಕ್ಕೆ ಬಾರದವಳು’ ಎಂಬ ಭಾವನೆ, ಇವೆರಡನ್ನೂ ನಿಮ್ಮ ಸ್ವಭಾವದ ದೋಷಗಳೆಂದು ಬರೆದುಕೊಂಡಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗ ವರ್ಗೀಕರಣದಲ್ಲಿ, ಬಹುಕಾಲದ ಕೆಲಸದ ಒತ್ತಡದಿಂದ ಬರುವ ಬಳಲಿಕೆ, ಅಂದರೆ ‘ಬರ್ನ್‌ಔಟ್‌’ಗೆ ಮೂರು ಲಕ್ಷಣಗಳನ್ನು ಹೇಳಿದೆ: ಶಕ್ತಿ ಬತ್ತಿಹೋಗುವುದು, ಕೆಲಸದ ಬಗ್ಗೆ ಮನಸ್ಸು ಕಹಿಯಾಗುವುದು, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವನೆ. ಇದನ್ನು ಅದು ಕಾಯಿಲೆ ಎಂದು ಕರೆದಿಲ್ಲ, ಉದ್ಯೋಗಕ್ಕೆ ಮಾತ್ರ ಅನ್ವಯಿಸಿದೆ. (ಮನೆಗೆಲಸ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅದನ್ನು ಬರೆದವರ ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರೋ!) ನಿಮಗೆ ಆಗಿರುವುದು ಅದೇ ಎಂದು ಇಲ್ಲಿ ಕುಳಿತು ಹೇಳಲಾರೆ. ಆದರೆ ಮೂರನೆಯ ಲಕ್ಷಣವನ್ನು ಗಮನಿಸಿ. ದಣಿವು ಕೈಕಾಲಿಗಷ್ಟೇ ಹತ್ತುವುದಿಲ್ಲ, ನಮ್ಮನ್ನು ನಾವು ಅಳೆಯುವ ಅಳತೆಗೋಲಿಗೂ ಹತ್ತುತ್ತದೆ. ಯೋಗ್ಯತೆ ಸಾಬೀತಾದ ಮೇಲೆ ವಿಶ್ರಾಂತಿ ಎಂದು ಕಾಯುತ್ತಿದ್ದೀರಿ. ವಿಶ್ರಾಂತಿಯಿಲ್ಲದೆ ಆ ಯೋಗ್ಯತೆ ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ಇದು ನನಗೆ ತಿಳಿದದ್ದು ಕೆಲಸದ ಮೇಜಿನ ಮೇಲೆ. ಒಮ್ಮೆ ರಾತ್ರಿ ಹನ್ನೊಂದರ ನಂತರ ಓದಿದ ಲೇಖನವೊಂದನ್ನು ಸಪ್ಪೆ ಎಂದು ಪಕ್ಕಕ್ಕಿಟ್ಟೆ. ಬೆಳಿಗ್ಗೆ ಬೇರೇನೋ ಹುಡುಕುವಾಗ ಕೈಗೆ ಸಿಕ್ಕಿತು, ನಿಂತಲ್ಲೇ ಓದಿ ಮುಗಿಸಿದೆ. ಲೇಖನದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಅಂದಿನಿಂದ ಆ ಹೊತ್ತಿನಲ್ಲಿ ಏನನ್ನೂ ತಿರಸ್ಕರಿಸುವುದಿಲ್ಲ. ನೀವೂ ನಿಮ್ಮ ಬಗೆಗಿನ ತೀರ್ಪನ್ನು ಹನ್ನೆರಡು ಗಂಟೆಗೆ ಬರೆದಿದ್ದೀರಿ.

‘ನಾನೇನು ಮಾಡಿದ್ದೇನೆ’ ಎಂದು ಕೇಳಿದಿರಿ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೇ ವಿಧಿ ವಿಶ್ರಾಂತಿ ಮತ್ತು ಬಿಡುವಿನ ಹಕ್ಕು ‘ಪ್ರತಿಯೊಬ್ಬರಿಗೂ’ ಇದೆ ಎನ್ನುತ್ತದೆ. ಮೊದಲು ಬಟ್ಟೆ ಮಡಚಿರಬೇಕೆಂಬ ಷರತ್ತು ಅಲ್ಲಿಲ್ಲ.

ಹಾಗಾದರೆ ಏನು ಮಾಡುವುದು? ದಿನಚರಿಯನ್ನೇ ಬದಲಿಸಿ ಎಂದು ಉಪದೇಶಿಸುವುದಿಲ್ಲ, ಅದೂ ನಿಮ್ಮ ತಲೆಗೆ ಇನ್ನೊಂದು ಕೆಲಸವಾದೀತು. ದಿನಕ್ಕೆ ಅರ್ಧ ಗಂಟೆ, ಹೊತ್ತು ಗೊತ್ತುಮಾಡಿಕೊಂಡು, ಮೊಬೈಲ್ ದೂರವಿಟ್ಟು ಮಲಗಿ ಅಥವಾ ಸುಮ್ಮನೆ ಕೂರಿ. ಕೆಲಸವೆಲ್ಲ ಮುಗಿಯಲಿ ಎಂದು ಕಾದರೆ ಆ ಹೊತ್ತು ಬಾರದು. ಮನೆಗೆಲಸ ಮುಗಿದದ್ದನ್ನು ಕಂಡವರಿಲ್ಲ. ಬಾಗಿಲ ಸದ್ದಾದಾಗ ಏಳಬೇಡಿ. ಯಾರಾದರೂ ಕೇಳಿದರೆ ‘ತಲೆನೋವು’ ಎಂದು ಸುಳ್ಳು ಹೇಳದೆ, ‘ಮಲಗಿದ್ದೇನೆ’ ಎಂದಷ್ಟೇ ಹೇಳಿ. ಮೊದಲ ವಾರ ಇದೇ ಎಲ್ಲಕ್ಕಿಂತ ಕಷ್ಟ. ಆ ಅರ್ಧ ಗಂಟೆಯ ಕೆಲಸವನ್ನು ಯಾರು ಮಾಡಬೇಕೆಂಬುದನ್ನು ಮನೆಯವರೇ ಯೋಚಿಸಲಿ.

ಕೆಲವು ವಾರ ಚೆನ್ನಾಗಿ ನಿದ್ದೆ ಮಾಡಿದರೂ ಸುಸ್ತು ಬಿಡದಿದ್ದರೆ ವೈದ್ಯರನ್ನು ಕಾಣಿ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳಿಂದಲೂ ಹೀಗಾಗುವುದುಂಟು. ಬೇಸರ ಗಾಢವಾಗುತ್ತಿದ್ದರಂತೂ ವಾರಗಟ್ಟಲೆ ಕಾಯಬೇಡಿ.

ಮತ್ತೆ ಬರೆಯಿರಿ, ಆದರೆ ಹಗಲಿನಲ್ಲಿ. ಕ್ಷಮೆಯ ಸಾಲು ಬೇಡ. ಈ ಪತ್ರದಲ್ಲಿ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದು ಅರ್ಧಕ್ಕೇ ಬಿಟ್ಟ ಮಾತೊಂದಿದೆಯಲ್ಲ, ಹಿಂದೆ ಚಿತ್ರ ಬಿಡಿಸುತ್ತಿದ್ದೆ ಎಂದು, ಅದನ್ನು ಪೂರ್ತಿ ಮಾಡಿ.

– ಸಂಪಾದಕ