ಹಿಂದಿನ ಗಾಡಿಗೆ ಬೇರೆ ಕಾಗದ

ತಮ್ಮಾ, ನಿನ್ನ ಮೆಸೇಜ್ ಬಂದಾಗ ನಾನು ಕಲಬುರಗಿಯ ತವರು ಮನೆಯಲ್ಲಿದ್ದೆ. ಇನ್ನೂ ಇಲ್ಲೇ ಇದ್ದೇನೆ, ಅದಕ್ಕೇ ಉತ್ತರ ಎರಡು ದಿನ ತಡವಾಯಿತು. ಡಲ್ಲಾಸ್‌ಗೆ ಬಂದು ಎಂಟು ತಿಂಗಳಾಯಿತು, ಏಪ್ರಿಲ್‌ನಲ್ಲಿ ಬೀದರ್‌ನಿಂದ ಅಪ್ಪ-ಅಮ್ಮ ಬರುತ್ತಾರೆ, ಅವರಿಗೆ ಹೋಟೆಲ್ ಊಟ ಸೇರುವುದಿಲ್ಲ ಅಂತ ಬರೆದಿದ್ದೀ. ಅದಕ್ಕೆ ಅಡುಗೆಮನೆ ಇರುವ ಒಂದು ಹಳೇ ಟ್ರಾವೆಲ್ ಟ್ರೇಲರ್ ತಗೊಂಡು, ಪಿಕಪ್ ಹಿಂದೆ ಕಟ್ಟಿಕೊಂಡು ಗ್ರ್ಯಾಂಡ್ ಕ್ಯಾನಿಯನ್ ತನಕ ಹೋಗಿ ಬರುವ ಆಸೆ. ತುಂಬ ಒಳ್ಳೆಯ ಯೋಚನೆ. ನಮ್ಮ ಅತ್ತೆ-ಮಾವ ಬಂದಾಗ ನಾವೂ ಹಾಗೇ ಮಾಡಿದೆವು. ದಾರಿಯುದ್ದಕ್ಕೂ ಬಿಸಿ ರೊಟ್ಟಿ ಸಿಕ್ಕಿತು.

ನೀನು ಕೇಳಿದ್ದು ಎರಡು. ಪಿಕಪ್‌ಗೆ ಇನ್ಶೂರೆನ್ಸ್ ಇದೆ, ಟ್ರೇಲರ್‌ಗೂ ಅದೇ ಸಾಕಲ್ವಾ? ಬೇರೆ ತಗೊಂಡರೆ ಯಾವ ಕವರೇಜ್ ತಗೊಳ್ಳಲಿ? ನಮ್ಮಲ್ಲಿ ಗಾಡಿ ಓಡಿಸುವುದು ಮನೆಯವರು, ಕಾಗದ-ಪತ್ರ ನೋಡುವುದು ನಾನು. ಹಾಗಾಗಿ ನಾನೇ ಬರೆಯುತ್ತೇನೆ.

ಮೊದಲನೆಯದಕ್ಕೆ ಉತ್ತರ ಇವತ್ತು ಬೆಳಿಗ್ಗೆ ನಮ್ಮ ಮನೆ ಮುಂದೆಯೇ ಹಾದು ಹೋಯಿತು. ತೊಗರಿ ರಾಶಿ ಆಗುತ್ತಿರುವ ಕಾಲ. ಚೀಲ ಹೇರಿಕೊಂಡ ಟ್ರ್ಯಾಕ್ಟರ್‌ಗಳು ಗಂಜ್ ಕಡೆ ಹೊರಟಿದ್ದವು. ನೀನೂ ನೋಡಿರುತ್ತೀ, ಟ್ರ್ಯಾಕ್ಟರ್‌ಗೆ ಒಂದು ನಂಬರ್, ಹಿಂದಿನ ಟ್ರಾಲಿಗೆ ಇನ್ನೊಂದು ನಂಬರ್. ಎರಡೂ ಕೆಎ 32, ಆದರೆ ಕಾಗದದಲ್ಲಿ ಎರಡು ಗಾಡಿ. ಟ್ರಾಲಿಗೂ ಇನ್ಶೂರೆನ್ಸ್ ಕಟ್ಟದೆ ಓಡಿಸಿದರೆ ಅಪಘಾತವಾದ ದಿನ ಕೋರ್ಟಿನಲ್ಲಿ ತಕರಾರು ಶುರುವಾಗುತ್ತದೆ.

ಅಮೆರಿಕದಲ್ಲಿ ಲೆಕ್ಕ ಸ್ವಲ್ಪ ಬೇರೆ. ಟ್ರೇಲರ್ ಪಿಕಪ್‌ಗೆ ಕಟ್ಟಿರುವಾಗ ಅದು ಇನ್ನೊಬ್ಬರಿಗೆ ಗುದ್ದಿದರೆ, ಆ ನಷ್ಟವನ್ನು ಸಾಮಾನ್ಯವಾಗಿ ಪಿಕಪ್ ಪಾಲಿಸಿಯ ಲಯಬಿಲಿಟಿಯೇ, ಅಂದರೆ ಬೇರೆಯವರಿಗಾದ ನಷ್ಟಕ್ಕೆ ಇರುವ ಭಾಗವೇ, ಕೊಡುತ್ತದೆ. ಅಷ್ಟೇ. ನಿನ್ನ ಟ್ರೇಲರ್ ಜಜ್ಜಿಹೋದರೆ, ಸುಟ್ಟರೆ, ಕಳುವಾದರೆ ಪಿಕಪ್ ಪಾಲಿಸಿಯಿಂದ ಏನೂ ಬರುವುದಿಲ್ಲ. ಅದಕ್ಕೆ ಟ್ರೇಲರ್ ಹೆಸರಿನಲ್ಲೇ ಕವರ್ ಬೇಕು. ಕಾನೂನು ಕೇಳುವುದಿಲ್ಲ ಅಂತ ಮಾರುವವನು ಹೇಳಬಹುದು, ಅದು ಸುಳ್ಳಲ್ಲ. ಆದರೆ ಸಾಲ ತೆಗೆದರೆ ಬ್ಯಾಂಕು ಕೇಳಿಯೇ ಕೇಳುತ್ತದೆ.

ಟ್ರೇಲರ್ ಪಾಲಿಸಿ ತೆಗೆಯುವ ಮುಂಚೆ ಪಿಕಪ್ ಪಾಲಿಸಿಯನ್ನೂ ಒಮ್ಮೆ ತೆಗೆದು ನೋಡು. ಟೆಕ್ಸಸ್‌ನಲ್ಲಿ ಕಡ್ಡಾಯವಾದ ಕನಿಷ್ಠ ಲಯಬಿಲಿಟಿ 30/60/25. ಒಬ್ಬರ ಗಾಯಕ್ಕೆ 30 ಸಾವಿರ ಡಾಲರ್, ಒಂದು ಅಪಘಾತದಲ್ಲಿ ಎಲ್ಲರ ಗಾಯಕ್ಕೂ ಸೇರಿ 60 ಸಾವಿರ, ಆಸ್ತಿ ಹಾನಿಗೆ 25 ಸಾವಿರ. ಹೊಸದಾಗಿ ಬಂದವರು ಅಗ್ಗ ಅಂತ ಇದನ್ನೇ ತಗೊಂಡಿರುತ್ತಾರೆ, ನಾವೂ ತಗೊಂಡಿದ್ದೆವು. ಭಾರದ ಗಾಡಿ ಎಳೆಯುವವನಿಗೆ ಇದು ಸಾಲುವುದಿಲ್ಲ. ಬ್ರೇಕ್ ಹಿಡಿದರೆ ನಿಲ್ಲಲು ಜಾಸ್ತಿ ದೂರ ಬೇಕು, ಗಾಳಿಗೆ ಹಿಂದಿನ ಗಾಡಿ ಓಲಾಡುತ್ತದೆ. 100/300/100ಕ್ಕೆ ಏರಿಸು. ನನ್ನ ಮಾತು ಕೇಳು, ಇದರಲ್ಲಿ ಮಾತ್ರ ಉಳಿತಾಯ ಬೇಡ.

ಇನ್ನು ಟ್ರೇಲರ್ ಪಾಲಿಸಿ. ಮುಖ್ಯವಾಗಿ ಎರಡು ಭಾಗ. ಗುದ್ದಿದ, ಪಲ್ಟಿ ಹೊಡೆದ ನಷ್ಟಕ್ಕೆ ಕೊಲಿಷನ್. ಆಲಿಕಲ್ಲು, ಬೆಂಕಿ, ಕಳ್ಳತನ, ಮರ ಬಿದ್ದದ್ದು, ಇವಕ್ಕೆ ಕಾಂಪ್ರೆಹೆನ್ಸಿವ್. ಚಳಿಗಾಲದಲ್ಲಿ ಗಾಡಿ ಸುಮ್ನೆ ನಿಂತಿರುತ್ತದೆ, ಆಗ ಕೊಲಿಷನ್ ತೆಗೆಸಿ ದುಡ್ಡು ಉಳಿಸಲು ಕೆಲವು ಕಂಪನಿ ಬಿಡುತ್ತವೆ. ಕಾಂಪ್ರೆಹೆನ್ಸಿವ್ ಮಾತ್ರ ಒಂದು ದಿನವೂ ತೆಗೆಸಬೇಡ. ಯಾಕೆ ಅಂತ ನಮಗೇ ಆದದ್ದನ್ನು ಹೇಳುತ್ತೇನೆ.

ನಮ್ಮ ಬೀದರ್-ಕಲಬುರಗಿ ಕಡೆ ಯುಗಾದಿ ಆಸುಪಾಸು ಆಣಿಕಲ್ಲು ಬೀಳುತ್ತದಲ್ಲ, ಟೆಕ್ಸಸ್‌ನಲ್ಲೂ ಅದೇ ಕಾಲಕ್ಕೆ. ಐದು ವರ್ಷದ ಹಿಂದೆ ಒಂದು ಸಂಜೆ ನಿಂಬೆಹಣ್ಣಿನ ಗಾತ್ರದವು ಬಿದ್ದವು. ಟ್ರೇಲರ್ ಸ್ಟೋರೇಜ್ ಯಾರ್ಡ್‌ನಲ್ಲಿ ನಿಂತಿತ್ತು. ಚಾವಣಿಯ ಗಾಳಿಕಿಂಡಿಗಳ ಪ್ಲಾಸ್ಟಿಕ್ ಮುಚ್ಚಳ ಒಡೆದು ಹೋದವು, ಎಸಿಯ ಹೊದಿಕೆ ಚೂರಾಯಿತು. ಕ್ಲೇಮ್ ಹಾಕಿದೆವು. ಕಂಪನಿಯ ಕಡೆಯಿಂದ ನಷ್ಟ ಅಂದಾಜು ಮಾಡುವ ಒಬ್ಬ ಅಡ್ಜಸ್ಟರ್ ಬಂದು ಏಣಿ ಹಾಕಿ ಮೇಲೆ ಹತ್ತಿದ, ಫೋಟೋ ತೆಗೆದ. ಕೆಳಗಿಳಿದು ಒಳಗೆ ಬಂದವನೇ ಹಾಸಿಗೆಯ ತಲೆದಿಸೆಯ ಮೂಲೆಯಲ್ಲಿ ಗೋಡೆಗೆ ಹೆಬ್ಬೆರಳು ಒತ್ತಿದ. ಬೆರಳು ಒಳಗೆ ಹೋಯಿತು, ನೆನೆದ ಬ್ರೆಡ್ಡಿಗೆ ಒತ್ತಿದ ಹಾಗೆ. ಒಳಗಿನ ಪ್ಲೈವುಡ್ ಕೊಳೆತಿತ್ತು. ನಾನು ಆ ಹಾಸಿಗೆಯ ಮೇಲೆ ಎಷ್ಟೋ ರಾತ್ರಿ ಮಲಗಿದ್ದೆ, ಒಮ್ಮೆಯೂ ಗೊತ್ತಾಗಿರಲಿಲ್ಲ.

ಇದು ಆಲಿಕಲ್ಲಿನದ್ದಲ್ಲ, ಹಳೇ ಸೋರಿಕೆ ಅಂದ. ಅವನು ಹೇಳಿದ್ದು ಸರಿಯಾಗಿತ್ತು. ಕಿಂಡಿಯ ಸುತ್ತ ನೀರು ಇಳಿಯದಂತೆ ಹಚ್ಚಿದ ಸೀಲಂಟ್ ಬಿಸಿಲಿಗೆ ಬಿರಿದು, ಅಲ್ಲಿಂದ ನೀರು ಹನಿ ಹನಿಯಾಗಿ ಇಳಿದಿತ್ತು. ಚಾವಣಿ, ಮುಚ್ಚಳ, ಎಸಿ ಇವಕ್ಕೆ ದುಡ್ಡು ಬಂತು. ಗೋಡೆಗೆ ಬರಲಿಲ್ಲ. ಆ ರಿಪೇರಿಗೆ 3,400 ಡಾಲರ್ ನಾವೇ ಕೊಟ್ಟೆವು. ನಿಧಾನ ಸೋರಿಕೆ, ಬೂಸ್ಟು, ಸವೆತ ಸಾಮಾನ್ಯವಾಗಿ ಯಾವ ಪಾಲಿಸಿಯಲ್ಲೂ ಬರುವುದಿಲ್ಲ, ಅದು ಇಟ್ಟುಕೊಂಡವನ ಜವಾಬ್ದಾರಿ. ಇಲಿ ಕಡಿದದ್ದೂ ಎಷ್ಟೋ ಕಡೆ ಹೀಗೇ.

ನಮ್ಮ ಅಜ್ಜ ಪ್ರತಿ ವರ್ಷ ಮಿರಗದ ಮಳೆಗೆ ಮುಂಚೆ ಮಾಳಿಗೆ ಮೇಲೆ ಮಣ್ಣು ಹಾಕಿಸುತ್ತಿದ್ದರು. ಒಂದು ವರ್ಷವೂ ತಪ್ಪಿಸಿದವರಲ್ಲ. ಟ್ರೇಲರ್‌ನ ಚಾವಣಿಗೂ ಅಂಥದ್ದೇ ಆರೈಕೆ ಬೇಕು. ಈಗ ವರ್ಷಕ್ಕೆ ಎರಡು ಸಲ ಮನೆಯವರು ಮೇಲೆ ಹತ್ತಿ ಸೀಲಂಟ್ ನೋಡುತ್ತಾರೆ, ನಾನು ತಾರೀಖು ಬರುವ ಹಾಗೆ ಫೋಟೋ ತೆಗೆದು ಇಡುತ್ತೇನೆ. ಮುಂದೆ ಯಾರಾದರೂ ಹಳೇ ಸೋರಿಕೆ ಅಂದರೆ ತೋರಿಸಲು ಕೈಯಲ್ಲಿ ಸಾಕ್ಷಿ ಇರಲಿ.

ಎರಡನೇ ಪ್ರಶ್ನೆಯ ಜೀವಾಳ ಇಲ್ಲಿದೆ. ಏಜೆಂಟ್ ಫೋನ್ ಮಾಡಿದಾಗ ಪ್ರೀಮಿಯಂ ಆಮೇಲೆ ಕೇಳು. ಮೊದಲು ಇದನ್ನು ಕೇಳು: ಗಾಡಿ ಪೂರ್ತಿ ಹಾಳಾದರೆ ನನ್ನ ಕೈಗೆ ಎಷ್ಟು ಬರುತ್ತದೆ? ಊರಲ್ಲಿ ಕಾರಿನ ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಮೊತ್ತ ಬರೆದಿರುತ್ತಾರೆ. ಆ ವರ್ಷ ಗಾಡಿ ಪೂರ್ತಿ ಹೋದರೆ ಆ ಮೊತ್ತದ ಮೇಲೆ ಲೆಕ್ಕ. ಅಮೆರಿಕದಲ್ಲಿ ಸಾಮಾನ್ಯವಾಗಿ ಕೊಡುವುದು ಆಕ್ಚುವಲ್ ಕ್ಯಾಶ್ ವ್ಯಾಲ್ಯೂ. ಅದರಲ್ಲಿ ಮೊದಲೇ ಬರೆದ ಮೊತ್ತ ಇರುವುದಿಲ್ಲ. ಹಾನಿಯಾದ ದಿನ ಮಾರುಕಟ್ಟೆಯಲ್ಲಿ ಅಷ್ಟು ಹಳೆಯ ಗಾಡಿಗೆ ಏನು ಬೆಲೆಯೋ ಅದು. ಟ್ರೇಲರ್ ಬೆಲೆ ಬೇಗ ಇಳಿಯುತ್ತದೆ, ಸಾಲ ನಿಧಾನ ಇಳಿಯುತ್ತದೆ. ಬಂದ ದುಡ್ಡು ಸಾಲಕ್ಕೇ ಸಾಲದೆ, ಇಲ್ಲದ ಗಾಡಿಗೆ ಕಂತು ಕಟ್ಟುವವರಿದ್ದಾರೆ. ಅಗ್ರೀಡ್ ವ್ಯಾಲ್ಯೂ ಅನ್ನುವುದು ನಮ್ಮ ಐಡಿವಿಗೆ ಹತ್ತಿರ. ಮೊತ್ತವನ್ನು ಮೊದಲೇ ಒಪ್ಪಿ ಬರೆಯುತ್ತಾರೆ. ಸ್ವಲ್ಪ ಜಾಸ್ತಿ ಬೀಳುತ್ತದೆ, ಸಿಕ್ಕರೆ ಅದನ್ನೇ ತಗೋ. ಹೊಸ ಗಾಡಿಯೇ ಕೊಡುವ ರಿಪ್ಲೇಸ್‌ಮೆಂಟ್ ಕವರ್ ಹೆಚ್ಚಾಗಿ ಹೊಸದಾಗಿ ಕೊಂಡವರಿಗೆ, ಅದೂ ಮೊದಲ ಕೆಲವು ವರ್ಷಕ್ಕೆ. ನಿನಗೆ ಅದರ ಮಾತು ಬೇಡ.

ಡಿಡಕ್ಟಿಬಲ್, ಅಂದರೆ ಕ್ಲೇಮ್‌ನಲ್ಲಿ ಮೊದಲು ನಿನ್ನ ಕೈಯಿಂದ ಹೋಗುವ ಮೊತ್ತ, 500 ಇಡಲೋ 1,000 ಇಡಲೋ ಅಂದರೆ, ಎರಡಕ್ಕೂ ಕೋಟ್ ತರಿಸಿ ಭಾಗಾಕಾರ ಮಾಡು. 1,000 ಇಟ್ಟರೆ ಪ್ರೀಮಿಯಂನಲ್ಲಿ ವರ್ಷಕ್ಕೆ 40 ಡಾಲರ್ ಮಾತ್ರ ಉಳಿಯುವುದಾದರೆ, ಆ 500ರ ವ್ಯತ್ಯಾಸ ತುಂಬಲು ಹನ್ನೆರಡು ವರ್ಷದ ಮೇಲೆ ಬೇಕು. ಡಲ್ಲಾಸ್ ಕಡೆ ಅಷ್ಟು ವರ್ಷ ಆಲಿಕಲ್ಲು ಬೀಳದೆ ಇರುವುದಿಲ್ಲ.

ವೆಕೇಶನ್ ಲಯಬಿಲಿಟಿ ಅಂತ ಒಂದು ಸಣ್ಣ ಕವರ್ ಇದೆ, ಅದನ್ನು ಬಿಡಬೇಡ. ಕ್ಯಾಂಪ್‌ನಲ್ಲಿ ಟ್ರೇಲರ್ ನಿಲ್ಲಿಸಿದಾಗ ಪಕ್ಕದವರು ನಿನ್ನ ಮೆಟ್ಟಿಲಿಂದ ಜಾರಿದರೆ ಅದು ಬರುತ್ತದೆ. ಆದರೆ ಅಪ್ಪ-ಅಮ್ಮ ಬಿದ್ದರೆ ಇದರಿಂದ ಆಸ್ಪತ್ರೆ ಖರ್ಚು ಬರುತ್ತದೆ ಅಂದುಕೊಳ್ಳಬೇಡ. ಅವರಿಗೆ ವಿಸಿಟರ್ ಮೆಡಿಕಲ್ ಇನ್ಶೂರೆನ್ಸ್ ಬೇರೆ, ಅವರು ವಿಮಾನ ಹತ್ತುವ ಮುಂಚೆಯೇ. ಅಪ್ಪನಿಗೆ ಬಿಪಿ-ಶುಗರ್ ಇದ್ದರೆ ಹಳೇ ಕಾಯಿಲೆಗೆ ಆ ಪಾಲಿಸಿ ಏನು ಹೇಳುತ್ತದೆ ಅಂತ ಓದಿ ನೋಡು.

ರೋಡ್‌ಸೈಡ್ ನೆರವು ಪಿಕಪ್‌ಗಿದ್ದರೆ ಟ್ರೇಲರ್‌ಗೂ ಇದೆಯಾ ಅಂತ ಕೇಳು, ಎಷ್ಟೋ ಪ್ಲಾನ್‌ನಲ್ಲಿ ಇರುವುದಿಲ್ಲ. ಬಾಡಿಗೆ ಉಳಿಸಲು ಟ್ರೇಲರ್‌ನಲ್ಲೇ ಕೆಲವು ತಿಂಗಳು ಇರುತ್ತೇನೆ ಅಂತ ಕೊನೆಯಲ್ಲಿ ಬರೆದಿದ್ದೀಯಲ್ಲ, ಅದನ್ನು ಕಂಪನಿಗೆ ಮೊದಲೇ ಹೇಳು. ಸದಾ ವಾಸಿಸುವವರ ಕವರ್ ಬೇರೆ. ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ತೊಂದರೆ. ಸ್ನೇಹಿತರಿಗೆ ಬಾಡಿಗೆಗೆ ಕೊಡುವುದಾದರೂ ಹಾಗೇ.

ಶನಿವಾರ ಗಾಡಿ ನೋಡಲು ಹೋಗುತ್ತೇನೆ ಅಂದೆಯಲ್ಲ, ಏಣಿ ತಗೊಂಡು ಹೋಗು. ಒಳಗೆ ಎಲ್ಲ ಮೂಲೆಗೂ, ಕಿಟಕಿಗಳ ಕೆಳಗೂ ಹೆಬ್ಬೆರಳು ಒತ್ತಿ ನೋಡು. ಬೆರಳು ಹೋದರೆ ಎಷ್ಟೇ ಅಗ್ಗವಾದರೂ ವಾಪಸ್ ಬಾ. ನಾನು ಬರುವ 20ಕ್ಕೆ ಹೊರಡುತ್ತೇನೆ. ಅಮ್ಮ ಏನಾದರೂ ಕಳಿಸುವುದಿದ್ದರೆ ಬೀದರ್-ಕಲಬುರಗಿ ರೈಲಿಗೆ ಬರುವವರ ಕೈಯಲ್ಲಿ ಕೊಡಲು ಹೇಳು, ನಾನು ಸ್ಟೇಷನ್‌ಗೆ ಹೋಗಿ ತಗೊಳ್ಳುತ್ತೇನೆ. ಶೇಂಗಾ ಹಿಂಡಿ ಒಂದು ಕಿಲೋ ತನಕ ಜಾಗ ಇದೆ. ಅಷ್ಟರಲ್ಲಿ ಎರಡು-ಮೂರು ಕೋಟ್ ತರಿಸಿ ನನಗೆ ಕಳಿಸು, ಕೂತು ಓದಿ ಹೇಳುತ್ತೇನೆ.