ನಿಮ್ಮ ಪ್ರಶ್ನೆ, ನನ್ನ ಉತ್ತರ: ಈಗಿಲ್ಲದ ಮೇಷ್ಟ್ರುಗಳು, ಬೆಲ್ ಹೊಡೀತಿದ್ದ ಅಣ್ಣಂದಿರು

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ವರ್ಷದ ಕೊನೆ ಹತ್ರ ಬಂದ್ರೆ ಹಳೇ ಬ್ಯಾಚಿನವರೆಲ್ಲ ಸೇರಿ ಗುರುವಂದನೆ ಮಾಡ್ತಾರಲ್ಲ, ಅದಕ್ಕೆ ಲಿಸ್ಟ್ ಹಾಕೋಕೆ ಕೂತಾಗ ಎಷ್ಟು ಜನ ಹೋಗಿಬಿಟ್ಟಿದ್ದಾರೆ ಅಂತ ಗೊತ್ತಾಗಿ ಎದೆ ಧಸಕ್ ಅಂತ ಬರೆದಿದ್ದಾರೆ. ನಾನೂ ಹೈಸ್ಕೂಲ್ ಮೇಷ್ಟ್ರ ಮಗಳು, ಅಪ್ಪ ಹೋದ್ಮೇಲೆ ಮನೆಗೆ ಬಂದ ಶಿಷ್ಯರನ್ನ ನೋಡಿದೀನಿ. ಹಂಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಬರೀ ಇದಕ್ಕೇ ಉತ್ತರ ಬರೀತೀನಿ.

ಪ್ರಶ್ನೆ: ಮೇಡಂ, ನಮ್ದು 1996ರ ಎಸ್ಸೆಸ್ಸೆಲ್ಸಿ ಬ್ಯಾಚು, ಸರ್ಕಾರಿ ಹೈಸ್ಕೂಲು. ಡಿಸೆಂಬರ್‌ನಲ್ಲಿ ಗುರುವಂದನೆ ಇಟ್ಕೊಂಡಿದೀವಿ. ನಮಗೆ ಪಾಠ ಮಾಡಿದೋರಲ್ಲಿ ಅರ್ಧಕ್ಕರ್ಧ ಜನ ಈಗಿಲ್ಲ. ಶುರುವಿಗೆ ಒಂದು ನಿಮಿಷ ಮೌನ ಮಾಡಿ ಮುಂದೆ ಹೋಗೋಣ, ಖುಷಿಯ ದಿನ ಸಾವಿನ ಮಾತು ಜಾಸ್ತಿ ಬೇಡ ಅಂತ ಕೆಲವರು. ನಂಗ್ಯಾಕೋ ಸಮಾಧಾನ ಇಲ್ಲ. ಏನ್ ಮಾಡ್ಬೋದು? — ಓದುಗರು, ತಿಪಟೂರು ಕಡೆ

ಉತ್ತರ: ಮೌನ ಮಾಡಿ, ಬೇಡ ಅನ್ನಲ್ಲ. ಆದ್ರೆ ಅದೊಂದೇ ಸಾಲದು ಅಂತ ನಿಮಗೆ ಅನ್ನಿಸಿರೋದು ಸರಿಯಾಗೇ ಇದೆ. ಆ ಒಂದು ನಿಮಿಷದಲ್ಲಿ ಏಳೆಂಟು ಜನ ಒಟ್ಟಿಗೇ ಮುಗಿದೋಗ್ತಾರೆ, ಯಾರು ಯಾರನ್ನ ನೆನೆಸ್ಕೊಂಡ್ರು ಅನ್ನೋದೂ ಗೊತ್ತಾಗಲ್ಲ.

ನಮ್ಮನೇಲಿ ನಡೆದಿದ್ದು ಹೇಳ್ತೀನಿ. ಅಪ್ಪ ಗಣಿತದ ಮೇಷ್ಟ್ರು. ಅವರು ಹೋದಾಗ ಬಂದೋರೆಲ್ಲ ತುಂಬಾ ಒಳ್ಳೇವ್ರು, ಶಿಸ್ತಿನ ಮನುಷ್ಯ, ಅವರ ಆಶೀರ್ವಾದದಿಂದ ಮುಂದೆ ಬಂದ್ವಿ ಅಂದ್ರು, ಅಮ್ಮ ತಲೆ ಆಡಿಸ್ತಾ ಕೂತಿದ್ರು. ವೈಕುಂಠ ಸಮಾರಾಧನೆ ದಿನ ಒಬ್ರು ಬಂದ್ರು, ಕೆಎಸ್ಸಾರ್ಟಿಸಿ ಕಂಡಕ್ಟರ್, ಡ್ಯೂಟಿ ಮುಗಿಸಿ ಯೂನಿಫಾರ್ಮಲ್ಲೇ ಬಂದಿದ್ರು. ಅಮ್ಮನ ಹತ್ರ ಕೂತು, ಅಮ್ಮಾ, ಮೇಷ್ಟ್ರು ಬೋರ್ಡ್ ಮೇಲೆ ಕಂಪಾಸ್ ಇಲ್ದೇನೇ ಕೈಯಲ್ಲೇ ವೃತ್ತ ಬರೀತಿದ್ರು, ಬರೆದ್ಮೇಲೆ ಎರಡು ಹೆಜ್ಜೆ ಹಿಂದೆ ಬಂದು ತಾವೇ ಒಂದ್ಸಲ ನೋಡಿ, ಸರಿಯಾಗಿ ಬಂದಿದ್ರೆ ನಮ್ಮ ಕಡೆ ತಿರುಗಿ ಹುಬ್ಬು ಹಾರಿಸ್ತಿದ್ರು, ಚೂರು ಸೊಟ್ಟ ಆಗಿದ್ರೆ ಡಸ್ಟರ್ ಕೇಳದೆ ಅಂಗೈಯಲ್ಲೇ ಅಳಿಸಿ ಮತ್ತೆ ಬರೀತಿದ್ರು ಅಂದ್ರು. ಅಮ್ಮನಿಗೆ ಇದು ಗೊತ್ತೇ ಇರ್ಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಅವರ ಶರ್ಟಿನ ಬಲತೋಳಲ್ಲಿ ಅಂಟಿದ ಚಾಕ್‌ಪೀಸ್ ಪುಡಿ ಒಗೆದೋರು ಅವರು, ಪುಡಿ ಅಲ್ಲಿಗೆ ಹೆಂಗೆ ಬರ್ತಿತ್ತು ಅಂತ ನೋಡಿರಲಿಲ್ಲ. ಮತ್ತೊಂದ್ಸಲ ಹೇಳಪ್ಪಾ ಅಂತ ಕೇಳಿಸ್ಕೊಂಡ್ರು.

ಅವತ್ತಿಂದ ನನ್ನ ಮನಸ್ಸಲ್ಲಿ ಕೂತಿರೋ ಮಾತು ಇದು. ಮೇಷ್ಟ್ರನ್ನ ಕ್ಲಾಸಲ್ಲಿ ಅವರ ಹೆಂಡ್ತಿ ಮಕ್ಕಳು ನೋಡಿರಲ್ಲ. ಬದುಕಿನ ಅಷ್ಟು ದೊಡ್ಡ ಭಾಗ ಅವರು ಕಳೆದಿದ್ದು ನಿಮ್ಮಂಥ ಹುಡುಗ ಹುಡುಗಿಯರ ಮುಂದೆ, ಅದು ಉಳಿದಿರೋದೂ ನಿಮ್ಮ ಹತ್ರ ಮಾತ್ರ. ಅದನ್ನ ಮನೆಯವರಿಗೆ ತಲುಪಿಸಿ.

ಹಂಗಾಗಿ ಹಿಂಗೆ ಮಾಡಿ. ಹೋದವರ ಒಬ್ಬೊಬ್ಬರ ಬಗ್ಗೆ ಒಬ್ಬೊಬ್ಬ ಶಿಷ್ಯ ಮಾತಾಡ್ಲಿ, ಮೂರು ನಿಮಿಷ ಸಾಕು. 'ಮಹಾನ್ ಚೇತನ', 'ತುಂಬಲಾರದ ನಷ್ಟ' ಯಾವುದೂ ಬೇಡ. ಕಣ್ಣಾರೆ ಕಂಡಿದ್ದು ಒಂದು ಹೇಳ್ಲಿ: ಸೈನ್ಸ್ ಟೀಚರ್ ಲ್ಯಾಬಲ್ಲಿ ಆ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ತಯಾರು ಮಾಡುವಾಗ ಯಾವ ಕಿಟಕಿ ಮೊದಲು ತೆಗೀತಿದ್ರು, ಪಿಟಿ ಮೇಷ್ಟ್ರು ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಹೆಂಗೆ ಹಾಕ್ತಿದ್ರು, ಹೊಲಿಗೆ ಟೀಚರ್ ಯಾರ ಹರಿದ ಯೂನಿಫಾರ್ಮ್ ಹೊಲಿದುಕೊಟ್ರು. ಅವರ ಮನೆಯವರನ್ನೂ ಕರೀರಿ. ಬದುಕಿರೋ ಮೇಷ್ಟ್ರಿಗೆ ಶಾಲು, ಹಾರ, ಫಲತಾಂಬೂಲ ಕೊಟ್ಟಂಗೇ ಇವರಿಗೂ ಕೊಡಿ, ಕೂರಿಸೋದೂ ಮುಂದಿನ ಸಾಲಲ್ಲೇ. ಖುಷಿ ಕೆಡತ್ತೆ ಅನ್ನೋರಿಗೆ ಹೇಳಿ, ಇಂಥ ಮಾತಿಗೆ ಜನ ಅಳೋದಕ್ಕಿಂತ ಜಾಸ್ತಿ ನಗ್ತಾರೆ, ನಾನು ನೋಡಿದೀನಿ.

ಪ್ರಶ್ನೆ: ನಮ್ಮ ಸ್ಕೂಲಲ್ಲಿ ಬೆಲ್ ಹೊಡೀತಿದ್ದ ಜವಾನರು ತೀರ್ಕೊಂಡು ತುಂಬಾ ವರ್ಷ ಆಯ್ತಂತೆ, ನಮಗೆ ಈಗ ಗೊತ್ತಾಯ್ತು. ಶ್ರದ್ಧಾಂಜಲಿ ಬ್ಯಾನರಲ್ಲಿ ಅವರ ಹೆಸರು ಹಾಕೋಣ ಅಂದ್ರೆ ಇಡೀ ಬ್ಯಾಚಲ್ಲಿ ಯಾರಿಗೂ ಪೂರ್ತಿ ಹೆಸರು ಗೊತ್ತಿಲ್ಲ, ಎಲ್ರೂ 'ಅಣ್ಣ' ಅಂತಿದ್ವಿ ಅಷ್ಟೇ. ಮೇಷ್ಟ್ರುಗಳ ಸಾಲಲ್ಲಿ ಅವರ ಹೆಸರು ಹಾಕೋದು ಸರಿ ಕಾಣಲ್ಲ ಅಂತ ಒಬ್ರು ಅಂದ್ರು, ಅದೂ ಬೇಜಾರಾಯ್ತು. — ಓದುಗರು, ಹಾಸನ ಜಿಲ್ಲೆ

ಉತ್ತರ: ಹಾಕಿ, ಅದೇ ಸಾಲಲ್ಲಿ, ಅದೇ ಸೈಜಿನ ಅಕ್ಷರದಲ್ಲಿ. ಇದರಲ್ಲಿ ಎರಡು ಮಾತಿಲ್ಲ.

ನಿಮ್ಮ ಹಳೇ ಗ್ರೂಪ್ ಫೋಟೋ ತೆಗೆದು ನೋಡಿ. ಕೆಳಗೆ 'ಕುಳಿತವರು, ಎಡದಿಂದ ಬಲಕ್ಕೆ' ಅಂತ ಮೇಷ್ಟ್ರುಗಳ ಹೆಸರು ಡಿಗ್ರಿ ಸಮೇತ ಇರತ್ತೆ, ತುದಿಯಲ್ಲಿ ಖಾಕಿ ಶರ್ಟ್ ಹಾಕ್ಕೊಂಡು ನಿಂತಿರೋರ ಹೆಸರು ಎಷ್ಟೋ ಫೋಟೋಗಳಲ್ಲಿ ಇರೋದೇ ಇಲ್ಲ. ಎಚ್ಚೆಮ್ ರೂಮಲ್ಲಿ ಹೆಡ್‌ಮಾಸ್ಟರುಗಳ ಹೆಸರು, ಯಾವಾಗಿಂದ ಯಾವಾಗಿನ ತನಕ ಅನ್ನೋದನ್ನ ಬೋರ್ಡ್ ಮೇಲೆ ಬಣ್ಣದಲ್ಲಿ ಬರೆಸಿರ್ತಾರೆ, ಅಲ್ಲೂ ಇವರಿಲ್ಲ. ಆದ್ರೆ ಸ್ಕೂಲ್ ನಡೀತಿದ್ದಿದ್ದು ಇವರ ಕೈಯಲ್ಲಿ. ಎಲ್ಲರಿಗಿಂತ ಮುಂಚೆ ಬಂದು ರೂಮುಗಳ ಬೀಗ ತೆಗೆಯೋದು, ನೀರು ತುಂಬಿಸೋದು, ತೂಗುಹಾಕಿರೋ ರೈಲು ಕಂಬಿ ತುಂಡಿಗೆ ಹೊಡೆದು ಪೀರಿಯಡ್ ಮುಗಿಸೋದು. ಮೆಮೊ ಬುಕ್ ಹಿಡ್ಕೊಂಡು ಅವರು ಬಾಗಿಲಲ್ಲಿ ನಿಂತ್ರೆ ನಾಳೆ ರಜಾನಾ ಅಂತ ಇಡೀ ಕ್ಲಾಸು ಕತ್ತೆತ್ತಿ ನೋಡ್ತಿತ್ತು. ಜೆರಾಕ್ಸ್ ಇನ್ನೂ ಬಂದಿರದ ಊರುಗಳಲ್ಲಿ ಟೆಸ್ಟ್ ಪೇಪರ್ ಸ್ಟೆನ್ಸಿಲ್ ಕಟ್ ಮಾಡಿ ಸೈಕ್ಲೋಸ್ಟೈಲ್ ಮಷೀನಲ್ಲಿ ತೆಗೀತಿದ್ರು, ಪರೀಕ್ಷೆ ಮುಗಿಯೋ ತನಕ ಅವರ ಉಗುರು ಸಂದಿಯಲ್ಲಿ ಕಪ್ಪು ಇಂಕು ಹೋಗ್ತಾನೇ ಇರ್ಲಿಲ್ಲ. ಪ್ರಶ್ನೆಗಳೆಲ್ಲ ಮುಂಚೇನೇ ಗೊತ್ತಿದ್ರೂ ಒಂದನ್ನೂ ಬಾಯಿ ಬಿಡದ ಮನುಷ್ಯರು, ಅದು ಸಣ್ಣ ವಿಷಯ ಅಲ್ಲ.

ಹೆಸರು ಹುಡುಕೋಕೆ ಮೊದಲು ಸ್ಕೂಲ್ ಆಫೀಸಿಗೆ ಹೋಗಿ. ಆ ವರ್ಷದ ಸಿಬ್ಬಂದಿ ಹಾಜರಿ ಪುಸ್ತಕ ಅಥವಾ ಸಂಬಳದ ಬಿಲ್ಲಿನ ಕಾಪಿ ಹಳೇ ಬೀರುವಲ್ಲಿ ಇದ್ರೆ ಅದರಲ್ಲಿ ಇನಿಷಿಯಲ್ ಸಮೇತ ಸಿಗತ್ತೆ. ಎಚ್ಚೆಮ್‌ಗೆ ಯಾಕೆ ಅಂತ ಒಂದು ಅರ್ಜಿ ಬರೆದುಕೊಡಿ, ಬಾಯಲ್ಲಿ ಕೇಳಿದ್ರೆ ನಾಳೆ ಬನ್ನಿ ಅಂತಾರೆ. ಅಲ್ಲಿ ಸಿಗ್ಲಿಲ್ವಾ, ಬಿಇಒ ಆಫೀಸಿನ ಹಳೇ ಗುಮಾಸ್ತರು ಇರ್ತಾರೆ, ರಿಟೈರ್ ಆದ ನೌಕರರ ಸಂಘ ತಾಲೂಕಿನಲ್ಲಿದ್ರೆ ಅಲ್ಲೂ ಕೇಳಿ. ಅನುದಾನಿತ ಸ್ಕೂಲಾದ್ರೆ ಆಡಳಿತ ಮಂಡಳಿ ಆಫೀಸು. ಇದೆಲ್ಲಕ್ಕಿಂತ ಬೇಗ ಆಗೋದು ಸ್ಕೂಲ್ ಎದುರಿನ ಟೀ ಅಂಗಡಿ, ಅವರಿಗೆ ಮನೆ ಯಾವ ಬೀದಿ, ಮಗ ಈಗೇನು ಮಾಡ್ತಿದ್ದಾನೆ ಎಲ್ಲಾ ಗೊತ್ತಿರತ್ತೆ. ಸಿಕ್ಕಿದ ಮೇಲೆ ಬ್ಯಾನರಲ್ಲಿ ಹಾಕೋದರ ಜೊತೆ ಗ್ರೂಪ್ ಫೋಟೋ ಹಿಂಭಾಗದಲ್ಲೂ ಪೆನ್ನಲ್ಲಿ ಬರೆದಿಡಿ, ಬ್ಯಾನರ್ ಮಾರನೇ ದಿನಕ್ಕೇ ಹೋಗತ್ತೆ.

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಮ್ಮ ಹಿಂದಿ ಸರ್ 2021ರ ಮೇ ತಿಂಗಳದಾಗ ಕೊರೊನಾದಿಂದ ಹೋದ್ರು. ಆವಾಗ ಯಾರಿಗೂ ಹೋಗಾಕ ಆಗ್ಲಿಲ್ಲ, ಗ್ರೂಪಿನ್ಯಾಗ ಎಲ್ಲಾರೂ ಓಂ ಶಾಂತಿ ಹಾಕಿ ಬಿಟ್ವಿ. ಈಗ ಇಷ್ಟ ವರ್ಷ ಆದಮ್ಯಾಲೆ ಅವರ ಮನಿಗೆ ಹೋದ್ರ ಗಾಯ ಕೆದರಿದಂಗ ಆಗ್ತದೇನ್ರಿ? — ಬೈಲಹೊಂಗಲದಿಂದ

ಉತ್ತರ: ಹೋಗಿ ಬನ್ನಿ. ಆ ವರ್ಷ ಹೋದವರ ಮನೆಯವರಿಗೆ ಸಾವಿನ ಜೊತೆ ಇನ್ನೊಂದು ಸಂಕಟ ಇತ್ತು, ಯಾರೂ ಬರಲಿಲ್ಲ ಅನ್ನೋದು. ಬರೋ ಹಂಗೇ ಇರ್ಲಿಲ್ಲ, ಅಂತ್ಯಕ್ರಿಯೆಗೆ ಐದು ಜನ ಮಾತ್ರ ಅಂತ ನಿಯಮ, ಬಸ್ಸಿಲ್ಲ, ಲಾಕ್‌ಡೌನು. ಅದಕ್ಕೆ ಮುಂಚೆ ಏಪ್ರಿಲ್ 17ಕ್ಕೆ ನಿಮ್ಮ ಬೆಳಗಾವಿ ಲೋಕಸಭೆಗೆ, ಬಸವಕಲ್ಯಾಣ ಮತ್ತೆ ಮಸ್ಕಿ ವಿಧಾನಸಭೆಗೆ ಉಪಚುನಾವಣೆ ಆಗಿತ್ತು, ಡ್ಯೂಟಿಗೆ ಹೋಗಿದ್ದ ಎಷ್ಟೋ ಶಿಕ್ಷಕರು ಆಮೇಲೆ ಕೊರೊನಾದಿಂದ ತೀರ್ಕೊಂಡ ಸುದ್ದಿ ದಿನಾ ಪೇಪರಲ್ಲಿ ಬರ್ತಿತ್ತು. ಊರು ತುಂಬ ಶಿಷ್ಯರಿದ್ದೋರು ನಾಲ್ಕು ಜನ ಇಲ್ದೆ ಹೋದ್ರು. ಆ ಮನೆಗಳಲ್ಲಿ ಬಾಗಿಲು ತಟ್ಟಿದ್ರೆ ಗಾಯ ಕೆದರಿದಂಗೆ ಆಗಲ್ಲ, ಅವರು ಇನ್ನೂ ಕಾಯ್ತಾ ಇರ್ತಾರೆ ಅಂತಲೇ ನನ್ನ ನಂಬಿಕೆ.

ತಡ ಆಯ್ತು ಅನ್ನೋದನ್ನ ತಲೆಯಿಂದ ತೆಗೀರಿ. ಕುವೆಂಪು ಅವರ ಗುರುಗಳು ತಳುಕಿನ ವೆಂಕಣ್ಣಯ್ಯನವರು ಹೋಗಿದ್ದು 1939ರಲ್ಲಿ. ಶ್ರೀ ರಾಮಾಯಣ ದರ್ಶನಂ ಅಚ್ಚಾಗಿ ಬರೋಕೆ ಶುರುವಾಗಿದ್ದು 1949ರಲ್ಲಿ, ಅಷ್ಟು ವರ್ಷ ಆದ್ರೂ ಅದನ್ನ ಅರ್ಪಿಸಿದ್ದು ಆ ಗುರುಗಳಿಗೇ.

ಮೊದಲು ಫೋನ್ ಮಾಡಿ ಕೇಳ್ಕೊಳ್ಳಿ, ತಿಥಿ ಅಮಾವಾಸ್ಯೆ ಅಂತ ಮನೆಯವರಿಗೆ ಅನುಕೂಲ ಇಲ್ಲದ ದಿನ ಬೇಡ. ಇಬ್ಬರು ಮೂವರು ಸಾಕು, ಇಡೀ ಗ್ರೂಪ್ ಹೋಗಿ ಸೆಲ್ಫಿ ತೆಗೆಯೋದು ಬೇಡವೇ ಬೇಡ. ಹಣ್ಣಿನ ಜೊತೆ ಒಂದು ಕೆಲಸ ಮಾಡಿ. ಗ್ರೂಪಲ್ಲಿರೋ ಎಲ್ಲರ ಕೈಲೂ ಸರ್ ಬಗ್ಗೆ ತಾವು ಕಂಡಿದ್ದು ನಾಲ್ಕು ಸಾಲು ಬರೆಸಿ, ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ ಕೊಡಿ. ವಾಟ್ಸಾಪ್ ಮೆಸೇಜು ಫೋನ್ ಹಾಳಾದ್ರೆ ಹೋಗತ್ತೆ, ಇದು ಮನೇಲಿ ಉಳಿಯತ್ತೆ, ಮೊಮ್ಮಕ್ಕಳೂ ಓದ್ತಾರೆ.

ಪ್ರಶ್ನೆ: ಒಬ್ಬ ಮೇಷ್ಟ್ರು ತೀರ್ಕೊಂಡ ಸುದ್ದಿ ಬಂತು, ಗ್ರೂಪಲ್ಲಿ ಎಲ್ರೂ ಹೊಗಳ್ತಿದ್ದಾರೆ. ನನಗೆ ಅವರು ಕ್ಲಾಸಲ್ಲಿ ಎಲ್ಲರ ಮುಂದೆ ಜಾತಿ ಎತ್ತಿ ಬೈದು ಹೊಡೆದಿದ್ದೇ ನೆನಪು. ಏನೂ ಬರೀದೆ ಇದ್ದೆ, 'ಸತ್ತೋರ ಮೇಲೆ ದ್ವೇಷವಾ' ಅಂತ ಗೆಳೆಯ ಕೇಳ್ದ. ಬರೀಬೇಕಿತ್ತಾ? — ಹೆಸರು ಬೇಡ

ಉತ್ತರ: ಬರೀಬೇಕಾಗಿರ್ಲಿಲ್ಲ. ನಿಮ್ಮ ಮೌನದಲ್ಲಿ ಯಾವ ತಪ್ಪೂ ಇಲ್ಲ. ಒಂದೇ ಕ್ಲಾಸಲ್ಲಿ ಕೂತಿದ್ರೂ ನಿಮ್ಮ ಗೆಳೆಯ ನೋಡಿದ ಮೇಷ್ಟ್ರೇ ಬೇರೆ, ನೀವು ನೋಡಿದ ಮೇಷ್ಟ್ರೇ ಬೇರೆ. ಅವರು ತಮ್ಮ ನೆನಪು ಬರೀಲಿ, ನಿಮ್ಮ ಮೇಲೆ ಹೇರೋದು ಬೇಡ. ಈಗ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ಮಕ್ಕಳಿಗೆ ಹೊಡೆಯೋದನ್ನೂ ಮಾನಸಿಕ ಹಿಂಸೆ ಕೊಡೋದನ್ನೂ ನಿಷೇಧಿಸಿದೆ, ಆದ್ರೆ ಕಾನೂನು ಬರೋದಕ್ಕೆ ಮುಂಚೇನೂ ಅದು ಅನ್ಯಾಯವೇ ಆಗಿತ್ತು. ಕೇಳಿದ ಗೆಳೆಯನಿಗೆ ಗ್ರೂಪಲ್ಲಿ ಬೇಡ, ಎದುರು ಕೂತು ನಡೆದಿದ್ದು ಹೇಳಿ, ಅವನಿಗೆ ಅದು ಗೊತ್ತಿರಲಿಕ್ಕಿಲ್ಲ. ಮತ್ತೆ ಅದೇ ಸ್ಕೂಲಲ್ಲಿ ಆವಾಗ ನಿಮ್ಮ ಬೆನ್ನು ಸವರಿದೋರು ಯಾರಾದ್ರೂ ಇದ್ರೆ, ಒಬ್ಬ ಟೀಚರೋ, ನೀರು ಕೊಟ್ಟ ಆಯಾನೋ, ಅವರ ಬಗ್ಗೆ ಬರೀರಿ.

ಪ್ರಶ್ನೆ: ನಮ್ಮ ಡ್ರಾಯಿಂಗ್ ಮೇಷ್ಟ್ರು ಹೋದ್ರು ಅಂತ ಗ್ರೂಪಲ್ಲಿ ಫೋಟೋ ಬಂತು, ನೂರಾರು ಓಂ ಶಾಂತಿ ಬಿತ್ತು, ಸಂಜೆ ನೋಡಿದ್ರೆ ಅವರು ಚೆನ್ನಾಗಿದ್ದಾರೆ! — ಓದುಗರು, ಶಿವಮೊಗ್ಗ

ಉತ್ತರ: ಮನೆಯವರ ಹತ್ರ ಮಾತಾಡಿದ ಒಬ್ಬರು ಖಚಿತ ಅನ್ನೋ ತನಕ ಫೋಟೋ ಹಾಕಬಾರದು ಅಂತ ಗ್ರೂಪಲ್ಲಿ ರೂಲ್ ಮಾಡ್ಕೊಳ್ಳಿ. ಮೇಷ್ಟ್ರು ಚೆನ್ನಾಗಿದ್ದಾರಲ್ಲ, ಈ ಭಾನುವಾರವೇ ಹೋಗಿ ಮಾತಾಡಿಸ್ಕೊಂಡು ಬನ್ನಿ, ಶ್ರದ್ಧಾಂಜಲಿಯಲ್ಲಿ ಬರೆದಿದ್ದನ್ನೇ ಅವರ ಎದುರು ಹೇಳಿ.

ಪ್ರಶ್ನೆ: ನಾವು 2012ರ ಬ್ಯಾಚು. ನಮ್ಮ ಹೈಸ್ಕೂಲಲ್ಲಿ ಬಿಸಿಯೂಟ ಮಾಡ್ತಿದ್ದ ಅಮ್ಮ ಹೋದ ತಿಂಗಳು ತೀರಿಹೋದ್ರು. ಮಗಳು ಪಿಯುಸಿ ಓದ್ತಿದ್ದಾಳೆ. ಸ್ವಲ್ಪ ದುಡ್ಡು ಸೇರಿಸಿದೀವಿ. ಮಗಳಿಗೆ ಕೊಡೋದಾ, ಸ್ಕೂಲಲ್ಲಿ ಅವರ ಹೆಸರಲ್ಲಿ ದತ್ತಿ ಬಹುಮಾನ ಇಡೋದಾ? — ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಕಡೆ ಬಿಸಿಯೂಟ ಶುರುವಾಗಿದ್ದು 2002ರಲ್ಲಿ, ರಾಜ್ಯದಲ್ಲಿ ಮೊದಲು ಈಶಾನ್ಯದ ಜಿಲ್ಲೆಗಳಲ್ಲೇ. ಹೈಸ್ಕೂಲಿಗೆ ಬಂದಿದ್ದು ಅದಾಗಿ ಕೆಲವು ವರ್ಷಕ್ಕೆ. ಅಂದ್ರೆ ಈ ಅಮ್ಮಂದಿರ ಕೈಯೂಟ ತಿಂದು ಎಸ್ಸೆಸ್ಸೆಲ್ಸಿ ಮುಗಿಸಿದ ಮೊದಮೊದಲ ಬ್ಯಾಚುಗಳಲ್ಲಿ ನಿಮ್ಮದೂ ಒಂದು, ನೀವು ನೆನೆಸ್ಕೊಂಡಿದ್ದು ನಂಗೆ ತುಂಬಾ ಸಂತೋಷ ಆಯ್ತು. ಮೇಷ್ಟ್ರಾಗಲಿ ಜವಾನರಾಗಲಿ ಹೋದ್ರೆ ಮನೆಯವರಿಗೆ ಪೆನ್ಷನ್ ಗಿನ್ಷನ್ ಏನಾದ್ರೂ ಬರತ್ತೆ. ಅಡುಗೆಯವರಿಗೆ ಕೊಡೋದು ಗೌರವಧನ, ಅವರು ಸರ್ಕಾರಿ ನೌಕರರ ಲೆಕ್ಕಕ್ಕೆ ಬರಲ್ಲ. ಅದಕ್ಕೇ ಮೊದಲು ಮಗಳು, ಆಮೇಲೆ ಬಹುಮಾನ.

ಕೈಗೆ ದುಡ್ಡು ಕೊಟ್ಟು ಫೋಟೋ ತೆಗೀಬೇಡಿ, ಆ ಹುಡುಗಿಗೆ ಮುಜುಗರ ಆಗತ್ತೆ. ನಿಮ್ಮ ಬ್ಯಾಚಿನ ಹೆಣ್ಣುಮಕ್ಕಳು ಇಬ್ಬರು ಹೋಗಿ ಅವಳ ಹತ್ರ, ಅವಳ ಅಪ್ಪನೋ ಅಜ್ಜಿನೋ ಇದ್ರೆ ಅವರ ಹತ್ರ ಮಾತಾಡಿ, ಯಾವುದಕ್ಕೆ ಬೇಕು ಅಂತ ಕೇಳಿ. ಕಾಲೇಜು ಫೀಸು, ಹಾಸ್ಟೆಲು ಅಂದ್ರೆ ನೇರ ಅಲ್ಲೇ ಕಟ್ಟಿ. ಉಳಿದಿದ್ದು ಅವಳ ಹೆಸರಲ್ಲೇ ಪೋಸ್ಟಾಫೀಸಲ್ಲಿ ಇಡಿ. ಮತ್ತೆ ಅವರಮ್ಮ ಅಡುಗೆ ಮನೇಲಿ ಹೆಂಗಿರ್ತಿದ್ರು, ಯಾರಿಗೆ ಎರಡನೇ ಸಲ ಸಾರು ಹಾಕ್ತಿದ್ರು, ಏನಂತ ಗದರ್ತಿದ್ರು ಅನ್ನೋದನ್ನ ಅವಳಿಗೆ ಹೇಳಿ ಬನ್ನಿ, ದುಡ್ಡಿಗಿಂತ ಮುಂಚೆ ಹೇಳಿ.

ಮುಂದೆ ಯಾವಾಗ್ಲಾದ್ರೂ ದತ್ತಿ ಇಡೋದಾದ್ರೆ ಲೆಕ್ಕ ಇಷ್ಟೇ: ಒಂದು ಲಕ್ಷ ಬ್ಯಾಂಕಲ್ಲಿ ಎಫ್‌ಡಿ ಇಟ್ರೆ ಶೇಕಡ 6ರ ಬಡ್ಡಿ ಅಂದ್ರೂ ವರ್ಷಕ್ಕೆ 6,000 ರೂಪಾಯಿ. ಎಫ್‌ಡಿ ಸ್ಕೂಲಿನ ಹೆಸರಲ್ಲಿರಲಿ, ಯಾವ ಗೆಳೆಯನ ಹೆಸರಲ್ಲೂ ಬೇಡ. ಎಚ್ಚೆಮ್ ವರ್ಗ ಆಗಿ ಹೋದಾಗ ಮರೆತುಹೋಗದಂಗೆ ಷರತ್ತುಗಳನ್ನ ಕಾಗದದಲ್ಲಿ ಬರೆದು ಒಂದು ಕಾಪಿ ಎಸ್‌ಡಿಎಂಸಿ ಹತ್ರ, ಒಂದು ನಿಮ್ಮ ಹತ್ರ ಇಟ್ಕೊಳ್ಳಿ. ಬಹುಮಾನ ಜಾಸ್ತಿ ಮಾರ್ಕ್ಸ್ ತೆಗೆದೋರಿಗೇ ಹೋಗಬೇಕು ಅಂತಿಲ್ಲ, ಅವರಿಗೆ ಬೇರೆ ಬಹುಮಾನ ಎಷ್ಟೋ ಇರತ್ತೆ. ಮನೇಲಿ ಕೆಲಸ ಮಾಡ್ಕೊಂಡು, ದೂರದಿಂದ ನಡ್ಕೊಂಡು ಬಂದು ವರ್ಷಪೂರ್ತಿ ತಪ್ಪದೆ ಕ್ಲಾಸಿಗೆ ಕೂತ ಹುಡುಗಿಗೆ ಕೊಡಿ, ಮೊದಲ ವರ್ಷ ಅದನ್ನ ಅವರ ಮಗಳ ಕೈಯಿಂದಲೇ ಕೊಡಿಸಿ.