ಇಂಗ್ಲಿಷ್ ಸಾಹಿತ್ಯ ಪ್ರಬಂಧ: ಕಥಾಸಾರ ಬಿಟ್ಟು ವಾದ ಕಟ್ಟುವುದು ಹೇಗೆ?

ಮಡಿಕೇರಿಯಲ್ಲಿ ಇಂಗ್ಲಿಷ್ ಎಂ.ಎ. ಸೇರಿದ್ದೀರಿ, ಡಿಗ್ರಿವರೆಗೂ ಗೈಡ್ ನೋಡಿ ಬರೆದು ಅಭ್ಯಾಸ, ಈಗ ಪ್ರತಿ ಪ್ರಬಂಧವೂ ‘ಬರೀ ಕಥೆ ಹೇಳಿದ್ದೀರಿ’ ಎಂಬ ಷರಾದೊಂದಿಗೆ ವಾಪಸ್ ಬರುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ವ್ಯಾಕರಣವನ್ನು ಆಮೇಲೆ ತಿದ್ದಬಹುದು. ಮೊದಲು ವಾದ ಬೇಕು.

ರಾಜಾ ರಾವ್ ಅವರ 1938ರ ಇಂಗ್ಲಿಷ್ ಕಾದಂಬರಿ ‘ಕಾಂತಾಪುರ’ವನ್ನೇ ತೆಗೆದುಕೊಳ್ಳಿ. ‘ಇದು ಗಾಂಧಿ ಚಳವಳಿಯ ಕಾದಂಬರಿ’ ಎಂದರೆ ಯಾರೂ ಅಲ್ಲ ಎನ್ನುವುದಿಲ್ಲ. ಹಾಗಾಗಿ ಅದರ ಮೇಲೆ ನಾಲ್ಕು ಪುಟ ಕಟ್ಟಲಾಗದು, ಕಥೆ ಹೇಳದೆ ಬೇರೆ ದಾರಿಯೇ ಇರುವುದಿಲ್ಲ. ಬದಲಿಗೆ ಹೀಗೆ ನೋಡಿ: ಕಥೆ ಹೇಳುವವಳು ಅಚ್ಚಕ್ಕ ಎಂಬ ಅಜ್ಜಿ. ಅವಳ ಬಾಯಲ್ಲಿ ‘ನಾವು’ ಪದೇ ಪದೇ ಬರುತ್ತದೆ. ಯಾರು ಆ ‘ನಾವು’? ಬ್ರಾಹ್ಮಣರ ಬೀದಿಯವರು ಮಾತ್ರವಾ? ಸ್ಕೆಫಿಂಗ್ಟನ್ ಕಾಫಿ ಎಸ್ಟೇಟಿನ ಕೂಲಿಗಳೂ ಸೇರುತ್ತಾರಾ, ಸೇರಿದರೆ ಯಾವ ಪುಟದಿಂದ? ಪೆನ್ಸಿಲ್ ಹಿಡಿದು ಆ ಪದ ಬಂದಲ್ಲೆಲ್ಲ ಗೆರೆ ಹಾಕಿ, ಪಕ್ಕದಲ್ಲಿ ಯಾರೆಂದು ಬರೆಯುತ್ತಾ ಹೋಗಿ. ‘ಚಳವಳಿ ಬೆಳೆದಂತೆ ಅಚ್ಚಕ್ಕನ ನಾವು ಹಿಗ್ಗುತ್ತದೆ, ಆದರೂ ಜಾತಿಯ ಗೆರೆ ಪೂರ್ತಿ ಅಳಿಯುವುದಿಲ್ಲ’ ಎಂಬಂಥ ವಾಕ್ಯ ಸಿಕ್ಕರೆ ಅದು ಥೀಸಿಸ್, ಅಂದರೆ ಪ್ರಬಂಧದ ಮುಖ್ಯ ವಾದ. ಪುಸ್ತಕ ಓದಿದವರೊಬ್ಬರು ಇದನ್ನು ಒಪ್ಪದೆ ಜಗಳಕ್ಕೆ ನಿಲ್ಲಬಹುದು. ಅದೇ ಅದರ ಪರೀಕ್ಷೆ.

ಕಾಫಿ ತೋಟದ ನಡುವೆ ಬೆಳೆದವರಿಗೆ ಲೈನ್‌ಮನೆಯ (ತೋಟದ ಕೂಲಿಗಳ ಸಾಲುಮನೆಯ) ಬದುಕು ಗೊತ್ತು. ಪ್ರಶ್ನೆ ಹುಟ್ಟಿಸಲು ಆ ತಿಳಿವಳಿಕೆ ಬಹಳ ಒಳ್ಳೆಯದು. ಸಾಕ್ಷಿ ಮಾತ್ರ ಪುಸ್ತಕದ ಸಾಲುಗಳಿಂದಲೇ ಬರಬೇಕು.

1,200 ಪದಗಳ ಪ್ರಬಂಧವಾದರೆ ಪೀಠಿಕೆಗೆ 120 ಪದ ಸಾಕು, ಲೇಖಕರ ಜೀವನಚರಿತ್ರೆ ಬೇಡ. ಒಡಲಿನಲ್ಲಿ ಸುಮಾರು 230 ಪದಗಳ ನಾಲ್ಕು ಪ್ಯಾರಾ, ಉಳಿದದ್ದು ಕೊನೆಗೆ. ಕನ್ನಡದಲ್ಲಿ ಕಾರಣಗಳನ್ನೆಲ್ಲ ಹೇಳಿ ಕ್ರಿಯಾಪದವನ್ನು ಕೊನೆಗಿಡುತ್ತೇವೆ. ಅದೇ ರೂಢಿಯಲ್ಲಿ ಪ್ಯಾರಾ ಬರೆದರೆ ಮುಖ್ಯ ಮಾತು ಕೊನೆಯ ಸಾಲಿಗೆ ಹೋಗಿ ಕೂರುತ್ತದೆ, ಮೇಲಿನದೆಲ್ಲ ಕಥೆಯಂತೆ ಕಾಣುತ್ತದೆ. ಆ ಕೊನೆಯ ಸಾಲನ್ನು ಎತ್ತಿ ಮೊದಲಿಗೆ ಹಾಕಿ. ಎಷ್ಟೋ ಪ್ಯಾರಾಗಳು ಇಷ್ಟಕ್ಕೇ ಸರಿಹೋಗುತ್ತವೆ.

ಉಲ್ಲೇಖ ಚಿಕ್ಕದಿರಲಿ, ಒಂದು ಸಾಲು ಅಥವಾ ಒಂದು ಪದಗುಚ್ಛ. ಅದರ ಬೆನ್ನಿಗೇ ಅದಕ್ಕಿಂತ ಉದ್ದದ ವಿವರಣೆ ಬರಲಿ: ಯಾವ ಪದ, ಯಾಕೆ ಅದೇ ಪದ, ವಾಕ್ಯ ಎಲ್ಲಿ ತಿರುಗುತ್ತದೆ. ಉಲ್ಲೇಖದ ಅರ್ಥವನ್ನೇ ಬೇರೆ ಪದಗಳಲ್ಲಿ ಮತ್ತೆ ಹೇಳಿದರೆ ಅಂಕ ಬರುವುದಿಲ್ಲ. ಕೃತಿಯೊಳಗೆ ನಡೆಯುವುದನ್ನು ವರ್ತಮಾನ ಕಾಲದಲ್ಲೇ ಬರೆಯಿರಿ; ನಡುವೆ ಭೂತಕಾಲಕ್ಕೆ ಜಾರಿದರೆ ಕಥಾಸಾರ ಶುರುವಾಗಿದೆ ಎಂದೇ ತಿಳಿಯಿರಿ. ಸಾಹಿತ್ಯ ಪ್ರಬಂಧಗಳಲ್ಲಿ ಬಳಸುವ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಶೈಲಿಯಲ್ಲಿ ಗದ್ಯದ ಉಲ್ಲೇಖ ನಾಲ್ಕು ಸಾಲು ಮೀರಿದರೆ ಉದ್ಧರಣ ಚಿಹ್ನೆ ತೆಗೆದು, ಅರ್ಧ ಇಂಚು ಒಳಗೆ ಸರಿಸಿ ಬೇರೆಯಾಗಿ ಹಾಕಬೇಕು.

ಕರಡು ಮುಗಿದ ಮೇಲೆ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಬೇರೆ ಹಾಳೆಗೆ ಕೈಯಲ್ಲಿ ಬರೆದುಕೊಳ್ಳಿ. ಮಳೆಗಾಲದಲ್ಲಿ ಕರೆಂಟ್ ಹೋದರೂ ಈ ಕೆಲಸ ನಿಲ್ಲುವುದಿಲ್ಲ. ಆ ವಾಕ್ಯಗಳನ್ನು ಸಾಲಾಗಿ ಓದಿದಾಗ ‘ಆಮೇಲೆ, ಆಮೇಲೆ’ ಎಂದು ಕೇಳಿಸಿದರೆ ನೀವಿನ್ನೂ ಕಥೆ ಹೇಳುತ್ತಿದ್ದೀರಿ; ‘ಆದರೆ’, ‘ಆದ್ದರಿಂದ’ ಎಂದು ಕೊಂಡಿ ಬಿದ್ದರೆ ಟೈಪ್ ಮಾಡಲು ಕೂರಿ.